ಟರ್ಕಿ, ಎಲ್ಕ್ ಬೇಟೆಗೆ ಬಾಯೊಳಗಿಟ್ಟು ಊದೋ ಡಯಾಫ್ರಮ್ ಕಾಲ್: ನಿಮ್ಮ ಅಂಗುಳಕ್ಕೆ ಕೂರೋದನ್ನ ಆರಿಸೋದು ಹೇಗೆ

ಡಯಾಫ್ರಮ್ ಕಾಲ್ ಅಂದ್ರೆ ಟರ್ಕಿ ಕೋಳಿ, ಎಲ್ಕ್ ಅನ್ನೋ ದೊಡ್ಡ ಜಿಂಕೆ, ಇವುಗಳ ದನಿ ಮಾಡಿ ಹತ್ತಿರ ಕರೆಯೋಕೆ ಬಾಯಲ್ಲಿಟ್ಟು ಊದೋ ಸಣ್ಣ ಪೀಪಿ. ಮೊದಲೇ ಹೇಳ್ಬಿಡ್ತೀನಿ, ಇದು ಅಮೆರಿಕದಲ್ಲಿರೋ ನಮ್ಮೋರಿಗೆ ಬರೆದಿದ್ದು. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜಂದಿರು ಜಗಲಿ ಮೇಲೆ ಕೂತು ಹೇಳೋ ಕಥೆ ಅಷ್ಟೆ, ಅಲ್ಲಿ ಯಾರೂ ಇದನ್ನ ಟ್ರೈ ಮಾಡೋಕೆ ಹೋಗ್ಬೇಡಿ. ಇಲ್ಲಿ ಲೈಸೆನ್ಸ್, ಸೀಸನ್, ಹಂಟರ್ ಎಜುಕೇಶನ್ ಕೋರ್ಸ್ ಅಂತ ಎಲ್ಲದಕ್ಕೂ ಲೆಕ್ಕ ಇದೆ. ಇನ್ನೊಂದು, ಎಚ್-1ಬಿ ತರದ ವೀಸಾದಲ್ಲಿರೋರು ಬಂದೂಕು ಇಟ್ಕೊಳ್ಳೋಕೆ ಫೆಡರಲ್ ಕಾನೂನಲ್ಲಿ ನಿಷೇಧ ಇದೆ, ಅದಕ್ಕಿರೋ ವಿನಾಯಿತಿಗಳಲ್ಲಿ ಒಂದು ಅಂದ್ರೆ ಕಾನೂನುಬದ್ಧವಾಗಿ ಪಡೆದ ಹಂಟಿಂಗ್ ಲೈಸೆನ್ಸ್ ಕೈಲಿರೋದು, ಹಾಗಾಗಿ ಲೈಸೆನ್ಸ್ ಆಮೇಲೆ ಮಾಡಿಸೋಣ ಬಿಡು ಅನ್ನೋ ಹಾಗಿಲ್ಲ.

ಸರಿ, ವಿಷಯಕ್ಕೆ ಬರ್ತೀನಿ. ನಾನು ಕೊಲೊರಾಡೊದಲ್ಲಿರೋದು, ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರೋ ರಾಜ್ಯ. ಮೊದಲ ಸಲ ಡಯಾಫ್ರಮ್ ಕಾಲ್ ತಗೊಂಡಾಗ ಅಂಗಡಿಯಲ್ಲಿ ಕಣ್ಣಿಗೆ ಚೆನ್ನಾಗಿ ಕಂಡ ಮೂರರ ಪ್ಯಾಕ್ ಎತ್ಕೊಂಡು ಬಂದೆ, ಪಾರ್ಕಿಂಗ್ ಲಾಟಲ್ಲೇ ಕಾರೊಳಗೆ ಕೂತು ಒಂದನ್ನ ಬಾಯಿಗೆ ಹಾಕ್ಕೊಂಡೆ, ಹತ್ತು ಸೆಕೆಂಡಲ್ಲಿ ಓಕರಿಕೆ ಬಂದು ಕಣ್ಣಲ್ಲಿ ನೀರು, ಬಾಗಿಲು ತೆಗೆದು ಹೊರಗೆ ಬಗ್ಗಿದ್ದು ನೋಡಿ ಪಕ್ಕದ ಕಾರಿನ ಅಜ್ಜ ಆರ್ ಯೂ ಓಕೆ ಅಂತ ಕೇಳಿದ್ರು. ಮೂರೂ ಡ್ರಾಯರ್ ಸೇರಿದ್ವು. ಇದು ನನ್ನ ಕೈಲಿ ಆಗೋದಲ್ಲ ಅಂತ ಎರಡು ವರ್ಷ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಗಿದ್ದು, ಆಗದೇ ಇದ್ದಿದ್ದು ನನ್ನ ಕೈಲಲ್ಲ, ಆ ಸೈಜು ನನ್ನ ಬಾಯಿಗೆ ಆಗ್ತಿರ್ಲಿಲ್ಲ. ಎಲ್ಲರೂ ಸೌಂಡ್ ಕೇಳಿ ಕಾಲ್ ತಗೋತಾರೆ, ಯೂಟ್ಯೂಬಲ್ಲಿ ಯಾರೋ ಚಾಂಪಿಯನ್ ಊದಿದ್ದು ನೋಡಿ ಆರ್ಡರ್ ಮಾಡ್ತಾರೆ, ಅದು ಅವನ ಬಾಯಿ ಕಣ್ರೀ! ಚಪ್ಪಲಿ ತಗೊಳ್ಳೋವಾಗ ಕಾಲಿಟ್ಟು ನೋಡ್ತೀವಲ್ಲ, ಇದಕ್ಕೂ ಹಾಗೇ ಅಳತೆ ಮೊದಲು, ಸೌಂಡ್ ಆಮೇಲೆ.

ಈ ಸಾಮಾನು ಏನು ಅಂತ ಗೊತ್ತಿಲ್ಲದೋರಿಗೆ: ಕುದುರೆ ಲಾಳದ ಆಕಾರದ ತೆಳು ಅಲ್ಯುಮಿನಿಯಂ ಫ್ರೇಮು, ಅದಕ್ಕೆ ಅಡ್ಡಡ್ಡ ಎಳೆದು ಕೂರಿಸಿರೋ ಲೇಟೆಕ್ಸ್ ಹಾಳೆ, ಅದೇ ರೀಡು, ಸುತ್ತ ಬಟ್ಟೆಯಂಥ ಟೇಪು. ಚಿಕ್ಕವರಿದ್ದಾಗ ಒಡೆದ ಬಲೂನಿನ ಚೂರು ಎರಡು ಕೈಲೂ ಎಳೆದು ಹಿಡಿದು ತುಟಿಗಿಟ್ಟು ಕೀಂ ಅನ್ನಿಸ್ತಿದ್ವಲ್ಲ, ಅದೇ ಸೂತ್ರ, ಇಲ್ಲಿ ಕೈ ಕೆಲಸ ನಾಲಿಗೆ ಮಾಡತ್ತೆ. ರಾಜಸ್ಥಾನದ ಕಠಪುತಲಿ ಆಡಿಸೋರು ಬೊಂಬೆ ಮಾತಾಡಿದ ಹಾಗೆ ಕೀರಲು ದನಿ ಬರ್ಸೋಕೆ ಬಾಯಲ್ಲಿ ಬೋಲಿ ಅನ್ನೋದನ್ನ ಇಟ್ಕೊಳ್ತಾರೆ, ಅದೂ ಇದರ ದೂರದ ನೆಂಟನೇ.

ಕಡ್ಡಿಯಲ್ಲಿ ಉಜ್ಜೋ ಸ್ಲೇಟಿನಂಥ ಪಾಟ್ ಕಾಲ್ ಇದೆ, ಮುಚ್ಚಳ ಉಜ್ಜಿ ದನಿ ಬರ್ಸೋ ಬಾಕ್ಸ್ ಕಾಲ್ ಇದೆ, ಅದೆಲ್ಲ ಕಲಿಯೋಕೆ ಸುಲಭ, ಮತ್ತೆ ಯಾಕೆ ಬಾಯಿಗೆ ಹಾಕ್ಕೊಂಡು ಒದ್ದಾಡೋದು ಅಂತ ಕೇಳ್ಬಹುದು. ಕೈ ಖಾಲಿ ಇರತ್ತೆ ಅನ್ನೋದೇ ಉತ್ತರ. ಟರ್ಕಿ ಕೋಳಿ ಕಣ್ಣು ಭಯಂಕರ ಚುರುಕು, ಹತ್ತಿರ ಬಂದ ಮೇಲೆ ನೀವು ಬೆರಳು ಅಲ್ಲಾಡಿಸಿದ್ರೂ ಓಡತ್ತೆ. ಎಲ್ಕ್‌ಗೆ ಬಿಲ್ಲು ಎಳೆದು ಹಿಡಿದಿರ್ತೀರಿ, ಎರಡೂ ಕೈ ಬಿಝಿ, ಗಂಡೆಲ್ಕ್ ಮರದ ಸಂದಿ ನಡ್ಕೊಂಡು ಹೋಗ್ತಾ ಇದೆ, ಆಗ ಬಾಯಲ್ಲೇ ಹೆಣ್ಣೆಲ್ಕ್ ತರ ಒಂದು ಮ್ಯೂ ಅಂದ್ರೆ ನಿಂತು ತಿರುಗಿ ನೋಡತ್ತೆ, ಆ ಎರಡು ಸೆಕೆಂಡಿಗೋಸ್ಕರ ಇಷ್ಟೆಲ್ಲ ಸರ್ಕಸ್. ಫೋನಲ್ಲಿ ರೆಕಾರ್ಡ್ ಹಾಕ್ಬಿಡೋಣ ಅನ್ನೋರಿಗೆ, ಎಲೆಕ್ಟ್ರಾನಿಕ್ ಕಾಲ್ ಬಹಳಷ್ಟು ರಾಜ್ಯಗಳಲ್ಲಿ ಈ ಎರಡೂ ಬೇಟೆಗೆ ನಿಷಿದ್ಧ.

ಹೆಜ್ಜೆ 1: ನಿಮ್ಮ ಬಾಯಿ ಹೇಗಿದೆ ನೋಡ್ಕೊಳ್ಳಿ

ಕೈ ತೊಳ್ಕೊಂಡು ಹೆಬ್ಬೆರಳು ಬಾಯೊಳಗೆ ಹಾಕಿ ಅಂಗುಳ ಸವರಿ ನೋಡಿ. ಮುಂದಿನ ಹಲ್ಲಿನ ಹಿಂದೆ ಸಾಲು ಸಾಲು ಏಣು ಸಿಗತ್ತೆ, ಅದರ ಹಿಂದೆ ನುಣುಪಾದ ಗಟ್ಟಿ ಭಾಗ, ಇನ್ನೂ ಹಿಂದೆ ಹೋದ್ರೆ ಮೆತ್ತಗಾಗತ್ತೆ, ಆಮೇಲೆ ಕಿರುನಾಲಿಗೆ. ಕಾಲ್ ಕೂರ್ಬೇಕಾದ್ದು ಗಟ್ಟಿ ಭಾಗದಲ್ಲಿ ಮಾತ್ರ. ಮೆತ್ತನೆ ಭಾಗ ಮುಟ್ಟಿದ್ರೆ ಓಕರಿಕೆ ಬಂದೇ ಬರತ್ತೆ, ಅದು ನಿಮ್ಮ ದೌರ್ಬಲ್ಯ ಅಲ್ಲ, ದೇಹ ಇರೋದೇ ಹಾಗೆ. ಮೆತ್ತಗೆ ಶುರುವಾಗೋ ಜಾಗ ಮುಂದಿನ ಹಲ್ಲಿಂದ ಎಷ್ಟು ದೂರ ಇದೆ ಅಂತ ಬೆರಳಲ್ಲೇ ಅಂದಾಜು ಮಾಡ್ಕೊಳ್ಳಿ, ನಿಮ್ಮ ಕಾಲ್ ಎಷ್ಟು ಉದ್ದ ಇರಬಹುದು ಅನ್ನೋದಕ್ಕೆ ಅದೇ ಗಡಿ.

ಅಗಲಕ್ಕೆ ಒಂದು ಉಪಾಯ ಇದೆ. ಸ್ವಲ್ಪ ದಪ್ಪ ಕಾಗದ, ವಿಸಿಟಿಂಗ್ ಕಾರ್ಡ್ ಆದ್ರೂ ಆಗತ್ತೆ, ಸಣ್ಣ ಪಟ್ಟಿ ಕತ್ತರಿಸಿ ಮೇಲಿನ ದವಡೆ ಹಲ್ಲುಗಳ ಮಧ್ಯೆ ಅಡ್ಡ ಹಿಡಿದು ಒಳಗಡೆಯಿಂದ ಒಳಗಡೆಗೆ ಸರಿಯಾಗಿ ಕೂರೋ ತನಕ ಕತ್ತರಿಸ್ತಾ ಹೋಗಿ. ಆ ಪಟ್ಟಿನೇ ನಿಮ್ಮ ಅಳತೆ. ಅಂಗಡಿಗೆ ಹೋಗೋವಾಗ ಪರ್ಸಲ್ಲಿಟ್ಕೊಳ್ಳಿ, ಪ್ಯಾಕೆಟ್ ಮೇಲಿಂದಾನೇ ಹಿಡಿದು ನೋಡ್ಬಹುದು, ಯಾಕಂದ್ರೆ ಬಾಯಿಗೆ ಹಾಕೋ ಸಾಮಾನು, ಟ್ರೈ ಮಾಡೋಕೆ ಯಾರೂ ಬಿಡಲ್ಲ, ಬಿಡಲೂಬಾರದು. ಟೇಪಿನ ಎರಡೂ ಅಂಚು ದವಡೆ ಹಲ್ಲಿನ ಒಳಗೋಡೆಗೆ ಲೈಟಾಗಿ ತಾಗೋ ಹಾಗಿದ್ರೆ ಸರಿ. ಪಟ್ಟಿಗಿಂತ ಸ್ವಲ್ಪ ಅಗಲ ಇದ್ರೆ ತೊಂದ್ರೆ ಇಲ್ಲ, ಕತ್ತರಿಸ್ಬಹುದು. ಕಡಿಮೆ ಇದ್ರೆ ಏನೂ ಮಾಡೋಕಾಗಲ್ಲ, ಗಾಳಿ ಪಕ್ಕದಿಂದ ಸೋರತ್ತೆ.

ಇನ್ನೊಂದು, ಅಂಗುಳದ ಎತ್ತರ. ಕೆಲವರಿಗೆ ಗುಡಿ ಗೋಪುರದ ಹಾಗೆ ಮೇಲಕ್ಕಿರತ್ತೆ, ಕೆಲವರಿಗೆ ಚಪ್ಪಟೆ. ನಂದು ಕಿರಿದು, ಮೇಲಾಗಿ ಎತ್ತರ, ಅದಕ್ಕೇ ಆ ಮೊದಲ ಮೂರೂ ಕೈ ಕೊಟ್ಟಿದ್ದು.

ಹೆಜ್ಜೆ 2: ಫ್ರೇಮ್ ಆರಿಸೋದು

ಸ್ಟಾಂಡರ್ಡ್ ಸೈಜು ಅಂತ ಒಂದಿರತ್ತೆ, ಸ್ಮಾಲ್ ಫ್ರೇಮ್ ಅಥವಾ ಯೂತ್ ಅಂತ ಇನ್ನೊಂದು. ಯೂತ್ ಅಂತ ಬರೆದಿದೆ, ಮಕ್ಕಳದ್ದು ಅಂತ ನಾಚ್ಕೋಬೇಡಿ. ಗಂಡಸರಲ್ಲೂ ಕಿರಿದಾದ ಅಂಗುಳ ಇರೋರಿಗೆ, ಓಕರಿಕೆ ಜಾಸ್ತಿ ಇರೋರಿಗೆ ಇದೇ ಸರಿ. ನನಗೆ ಮೊದಲ ಸಲ ಸೌಂಡ್ ಅಂತ ಬಂದಿದ್ದೇ ಯೂತ್ ಸೈಜಲ್ಲಿ.

ಎಲ್ಕ್ ಕಾಲ್‌ಗಳಲ್ಲಿ ಚಪ್ಪಟೆ ಫ್ರೇಮ್ ಜೊತೆಗೆ ಮೇಲೆ ಗುಮ್ಮಟದ ಹಾಗೆ ಉಬ್ಬು ಇರೋದೂ ಸಿಗತ್ತೆ, ಪ್ಲೇಟ್ ಇರೋದೂ ಸಿಗತ್ತೆ. ಅಂಗುಳಕ್ಕೂ ರೀಡಿಗೂ ಮಧ್ಯೆ ರೀಡು ಅದುರೋಕೆ ಸ್ವಲ್ಪ ಜಾಗ ಬೇಕು, ಚಪ್ಪಟೆ ಕಾಲಲ್ಲಿ ಆ ಜಾಗ ನಿಮ್ಮ ಅಂಗುಳದ ಆಕಾರ ಹೇಗಿದ್ಯೋ ಹಾಗೆ, ಗುಮ್ಮಟ ಇದ್ರೆ ಅದು ತಾನೇ ಜಾಗ ಮಾಡಿಕೊಡತ್ತೆ, ಹಾಗಾಗಿ ಕೂರಿಸೋದ್ರಲ್ಲಿ ಸ್ವಲ್ಪ ಆ ಕಡೆ ಈ ಕಡೆ ಆದ್ರೂ ಸೌಂಡ್ ಬರತ್ತೆ. ಹೊಸಬರಿಗೆ ಎಲ್ಕ್ ಕಾಲ್ ಅಂದ್ರೆ ನಾನು ಗುಮ್ಮಟದ್ದೇ ಹೇಳೋದು. ಆದ್ರೆ ಅದು ದಪ್ಪ, ಬಾಯಲ್ಲಿ ಜಾಗ ತಿನ್ನತ್ತೆ, ಓಕರಿಕೆಯವರು ಇದರಲ್ಲಿ ಇನ್ನೂ ಒದ್ದಾಡಬಹುದು, ಅವರು ಚಪ್ಪಟೆ ಸ್ಮಾಲ್ ಫ್ರೇಮಿಂದಾನೇ ಶುರು ಮಾಡ್ಲಿ. ಪ್ರೈಮೋಸ್, ಫೆಲ್ಪ್ಸ್, ರಾಕಿ ಮೌಂಟನ್ ಹಂಟಿಂಗ್ ಕಾಲ್ಸ್ ಎಲ್ಲಾ ಎಲ್ಕ್‌ಗೆ ಮಾಡ್ತಾರೆ, ಟರ್ಕಿಗೆ ವುಡ್‌ಹೇವನ್ ತರದೋರು ಬಹಳ ಜನ ಇದ್ದಾರೆ. ಯಾವ ಕಂಪನಿ ಅನ್ನೋದಕ್ಕಿಂತ ಯಾವ ಅಳತೆ ಅನ್ನೋದೇ ಮುಖ್ಯ, ಹಾಗಾಗಿ ಮೊದಲ ಸಲ ಒಂದೇ ಕಂಪನಿಯ ಮೂರು ತಗೊಳ್ಳೋ ಬದಲು ಬೇರೆ ಬೇರೆ ಆಕಾರದ್ದು ಮೂರು ತಗೊಳ್ಳಿ. ಒಂದಕ್ಕೆ ಹತ್ತು ಹದಿನೈದು ಡಾಲರ್ ಆಸುಪಾಸು, ಎರಡು ಹಾಳಾದ್ರೂ ಒಂದು ಊಟದ ಖರ್ಚು.

ಹೆಜ್ಜೆ 3: ರೀಡ್ ಎಷ್ಟು, ಕತ್ತರಿಸಿದ ಆಕಾರ ಯಾವುದು

ರೀಡ್ ಜಾಸ್ತಿ ಆದಷ್ಟೂ ಗಾಳಿ ಜಾಸ್ತಿ ಬೇಕು, ದನಿ ಗೊಗ್ಗರಾಗತ್ತೆ. ಬಾಯಿ ಸುಸ್ತಾಗೋದೂ ಕಂಫರ್ಟ್ ವಿಷಯಾನೇ ಅಲ್ವಾ, ಅದಕ್ಕೇ ಇದನ್ನೂ ಸೇರಿಸ್ತಿದೀನಿ. ಹೊಸಬರು ಮೂರು ರೀಡಿನದು ತಗೊಂಡ್ರೆ ಕೆನ್ನೆ ನೋವು ಬರತ್ತೆ ವಿನಾ ಕೋಳಿ ಬರಲ್ಲ.

ಟರ್ಕಿ ಕಾಲಲ್ಲಿ ಮೇಲಿನ ರೀಡಿಗೆ ಕತ್ತರಿ ಹಾಕಿರ್ತಾರೆ, ವಿ ಕಟ್, ಗೋಸ್ಟ್ ಕಟ್, ಬ್ಯಾಟ್‌ವಿಂಗ್, ಕಾಂಬೋ ಅಂತೆಲ್ಲ ಹೆಸರು. ಹೆಣ್ಣು ಟರ್ಕಿ ದನಿಯಲ್ಲಿ ಒಂಥರಾ ಗರಗರ ಇರತ್ತಲ್ಲ, ಆ ಗರಗರ ಈ ಕಟ್‌ನಿಂದ ಬರೋದು. ಗೋಸ್ಟ್ ಕಟ್ ಎರಡು ರೀಡಿನದು ಕಡಿಮೆ ಗಾಳಿಗೇ ಹಾಡತ್ತೆ, ಮೆತ್ತಗೂ ಊದ್ಬಹುದು, ಶುರುವಿಗೆ ಅದು ಸಾಕು. ಬ್ಯಾಟ್‌ವಿಂಗ್, ಕಾಂಬೋ ಎಲ್ಲ ಮುಂದಿನ ವರ್ಷಕ್ಕಿರ್ಲಿ.

ಎಲ್ಕ್‌ಗೆ ಸಾಮಾನ್ಯವಾಗಿ ಒಂದೇ ರೀಡು, ಕಟ್ ಇರಲ್ಲ, ಯಾಕಂದ್ರೆ ಹೆಣ್ಣೆಲ್ಕ್ ಮ್ಯೂ ಅನ್ನೋದು ನಯವಾದ ದನಿ. ತೆಳು ಲೇಟೆಕ್ಸ್, ಸಡಿಲವಾಗಿ ಎಳೆದಿರೋದಾದ್ರೆ ಸಣ್ಣ ಗಾಳಿಗೇ ಮಾತಾಡತ್ತೆ. ದಪ್ಪ ಲೇಟೆಕ್ಸ್, ಬಿಗಿ ಎಳೆತ, ಎರಡು ರೀಡು ಇದೆಲ್ಲ ಗಂಡೆಲ್ಕ್ ತರ ಜೋರಾಗಿ ಬ್ಯೂಗಲ್ ಮಾಡೋರಿಗೆ, ಅದಕ್ಕೆ ದನಿ ದೊಡ್ಡದು ಮಾಡೋ ಟ್ಯೂಬ್ ಕೂಡ ಬೇಕು. ಪ್ಯಾಕೆಟ್ ಮೇಲೆ ಕೌ (ಹೆಣ್ಣೆಲ್ಕ್), ಬುಲ್ (ಗಂಡೆಲ್ಕ್) ಅಂತ ಬರೆದಿರತ್ತೆ, ಮೊದಲು ಕೌ.

ಎರಡಕ್ಕೂ ಒಂದೇ ತಗೋಬಹುದಾ ಅಂತ ಕೇಳ್ತಾರೆ. ಟರ್ಕಿ ಕಾಲಲ್ಲಿ ಮ್ಯೂ ಬರ್ಸೋರು ಇದ್ದಾರೆ, ಅರ್ಜೆಂಟಿಗೆ ನಡೆಯತ್ತೆ. ಆದ್ರೆ ಗೊಗ್ಗರು ದನಿಯ ಎಲ್ಕ್ ಹೆಣ್ಣು ಯಾರಿಗೂ ಬೇಡ. ಬೇರೆ ಬೇರೆ ತಗೊಳ್ಳಿ, ಫ್ರೇಮ್ ಸೈಜು ಒಂದೇ ಇರ್ಲಿ, ಬಾಯಿಗೆ ಅಭ್ಯಾಸ ಆಗೋದು ಫ್ರೇಮು.

ಹೆಜ್ಜೆ 4: ಬಾಯಿಗೆ ಹಾಕೋದು, ಸದ್ಯಕ್ಕೆ ಊದ್ಬೇಡಿ

ಓಲಗದೋರು ಊದೋ ಮುಂಚೆ ಪೀಪಿ ಬಾಯಲ್ಲಿಟ್ಟು ನೆನೆಸ್ತಾರಲ್ಲ, ಹಾಗೆ ಇದನ್ನೂ ಕೆನ್ನೆ ಒಳಗೆ ಎರಡು ಮೂರು ನಿಮಿಷ ಇಟ್ಕೊಳ್ಳಿ, ಟೇಪು ಮೆತ್ತಗಾಗತ್ತೆ. ಒಣ ಟೇಪಲ್ಲಿ ಅಳತೆ ನೋಡಿ ಇದು ಚುಚ್ಚತ್ತೆ ಅಂತ ಎಸೆದೋರು ಎಷ್ಟೋ ಜನ.

ಲಾಳದ ತೆರೆದ ಬಾಯಿ ನಿಮ್ಮ ತುಟಿ ಕಡೆಗೆ, ದುಂಡು ಭಾಗ ಗಂಟಲು ಕಡೆಗೆ. ಗುಮ್ಮಟ ಇದ್ರೆ ಅದು ಮೇಲೆ, ಅಂಗುಳದ ಕಡೆ. ಎರಡು ಮೂರು ರೀಡಿನದಾದ್ರೆ ಯಾವ ಮುಖ ಮೇಲೆ ಅಂತ ಪ್ಯಾಕೆಟ್ ಹಿಂದೆ ಚಿತ್ರ ಹಾಕಿರ್ತಾರೆ, ಎಸೆಯೋ ಮುಂಚೆ ಫೋಟೋ ತೆಕ್ಕೊಳ್ಳಿ. ನಾಲಿಗೆಯಿಂದ ಮೇಲೆ ಒತ್ತಿ ಅಂಗುಳಕ್ಕೆ ಅಂಟಿಸಿ, ಮುಂದಿನ ಹಲ್ಲಿನ ಸ್ವಲ್ಪ ಹಿಂದೆ. ಸುಮ್ನೆ ಇರಿ. ಮೂಗಲ್ಲೇ ಉಸಿರಾಡಿ. ಮೊದಲ ದಿನ ಒಂದು ನಿಮಿಷ, ನಾಳೆ ಎರಡು, ಹೀಗೆ ಒಂದು ವಾರ ಬರೀ ಇಟ್ಕೊಳ್ಳೋದು, ಪಾತ್ರೆ ತೊಳೆಯೋವಾಗ, ಕಾರ್ ಓಡಿಸೋವಾಗ. ಓಕರಿಕೆ ಬಂತಾ, ಹಲ್ಲಿನ ಕಡೆ ಒಂದು ಎಳ್ಳಷ್ಟು ಮುಂದಕ್ಕೆ ತನ್ನಿ. ಊಟ ಆದ ತಕ್ಷಣ ಮಾತ್ರ ಬೇಡ, ಬಿಸಿಬೇಳೆ ಭಾತ್ ತಿಂದು ಟ್ರೈ ಮಾಡಿದೋನು ನಾನು, ಬಿಡಿಸಿ ಹೇಳಲ್ಲ. ಎಲೆ ಅಡಿಕೆ ಅಭ್ಯಾಸ ಇರೋರು ಬಾಯಿ ಚೆನ್ನಾಗಿ ಮುಕ್ಕಳಿಸಿ ಆಮೇಲೆ ಹಾಕ್ಕೊಳ್ಳಿ, ಚೂರು ರೀಡಲ್ಲಿ ಸಿಕ್ಕಿದ್ರೆ ಸೌಂಡೇ ಬರಲ್ಲ.

ಸರಿಯಾಗಿ ಕೂತಿದ್ಯಾ ಅಂತ ನೋಡೋದಕ್ಕೆ ಮೂರು ಪರೀಕ್ಷೆ ನಾನು ಮಾಡೋದು. ಎಂಜಲು ನುಂಗಿ, ಕಾಲ್ ಜಾರಬಾರದು. ನಾಲಿಗೆ ಒತ್ತಿ ಮೆಲ್ಲಗೆ ಗಾಳಿ ಬಿಡಿ, ಗಾಳಿ ನಾಲಿಗೆಗೂ ರೀಡಿಗೂ ಮಧ್ಯೆ ಮಾತ್ರ ಹೋಗ್ಬೇಕು, ಟೇಪಿನ ಪಕ್ಕದಿಂದ, ಮೇಲಿಂದ ಬುಸ್ ಅಂತ ಹೋದ್ರೆ ಸೀಲ್ ಆಗಿಲ್ಲ. ಹತ್ತು ನಿಮಿಷ ಆದ ಮೇಲೆ ತೆಗೆದು ಕನ್ನಡಿಯಲ್ಲಿ ನೋಡಿ, ವಸಡಲ್ಲಿ ಗೆರೆ ಬಿದ್ದಿದ್ರೆ, ಎಲ್ಲಿ ಬಿದ್ದಿದ್ಯೋ ಅಲ್ಲಿ ಟೇಪ್ ಜಾಸ್ತಿ ಇದೆ.

ಹೆಜ್ಜೆ 5: ಬಗ್ಗಿಸೋದು, ಕತ್ತರಿಸೋದು

ಇಲ್ಲೇ ಅರ್ಧಕ್ಕರ್ಧ ಜನ ಗೆಲ್ಲೋದು ಅಥವಾ ಹಾಳು ಮಾಡ್ಕೊಳ್ಳೋದು. ಪ್ಯಾಕೆಟಿಂದ ಬಂದ ಹಾಗೇ ಇಟ್ಕೋಬೇಕು ಅಂತ ಏನಿಲ್ಲ, ಟೇಪು ಅಗಲ ಇಟ್ಟಿರೋದೇ ನೀವು ಕತ್ತರಿಸ್ಕೊಳ್ಳಲಿ ಅಂತ.

ಮೊದಲು ಬಗ್ಗಿಸೋದು. ಅಂಗುಳ ಎತ್ತರ ಇದ್ರೆ ಫ್ರೇಮಿನ ಎರಡೂ ಪಕ್ಕ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಕೆಳಗೆ, ಹಂಚಿನ ಹಾಗೆ ಸ್ವಲ್ಪ ಬಾಗಿಸಿ. ದಪ್ಪ ಮಾರ್ಕರ್ ಪೆನ್ ಮೇಲಿಟ್ಟು ಒತ್ತಿದ್ರೆ ಎರಡೂ ಕಡೆ ಸಮ ಬರತ್ತೆ. ಸ್ವಲ್ಪ ಅಂದ್ರೆ ಸ್ವಲ್ಪ, ಒಂದ್ಸಲ ಬಗ್ಗಿಸಿ ಬಾಯಿಗೆ ಹಾಕಿ ನೋಡಿ, ಸಾಲದಿದ್ರೆ ಮತ್ತೆ ಸ್ವಲ್ಪ. ಅಲ್ಯುಮಿನಿಯಂ ಪದೇ ಪದೇ ಆ ಕಡೆ ಈ ಕಡೆ ಮಾಡಿದ್ರೆ ಮುರಿಯತ್ತೆ, ಜಾಸ್ತಿ ಬಾಗಿಸಿದ್ರೆ ರೀಡು ಸುಕ್ಕುಗಟ್ಟಿ ಸೌಂಡ್ ಸಾಯತ್ತೆ. ಗುಮ್ಮಟ ಇರೋದನ್ನ ಗುಮ್ಮಟದ ಜಾಗದಲ್ಲಿ ಮುಟ್ಲೇಬೇಡಿ.

ಬಗ್ಗಿಸಿದ ಮೇಲೂ ಅಗಲ ಅನ್ನಿಸಿದ್ರೆ ಕತ್ತರಿ. ಬಾಗಿದ ಮೂತಿಯ ಸಣ್ಣ ಕತ್ತರಿ, ಉಗುರಿಗೆ ಇಟ್ಕೊಂಡಿರ್ತೀವಲ್ಲ, ಅದು ಬೆಸ್ಟ್ (ಹೊಸದು ತಗೊಳ್ಳಿ, ದಯವಿಟ್ಟು). ಒಂದು ಸಲಕ್ಕೆ ಒಂದು ಮಿಲಿಮೀಟರ್, ಎಡ ಎಷ್ಟೋ ಬಲ ಅಷ್ಟೇ, ಪ್ರತಿ ಸಲ ಬಾಯಿಗೆ ಹಾಕಿ ನೋಡಿ. ಪಕ್ಕದ ಅಂಚು ಸರಿಯಾಯ್ತು, ಇನ್ನೂ ಓಕರಿಕೆ ಇದೆ ಅಂದ್ರೆ ಹಿಂದಿನ ದುಂಡು ಭಾಗದ ಟೇಪ್ ಸ್ವಲ್ಪ ತೆಗೀರಿ, ಕಿರುನಾಲಿಗೆ ಕಡೆ ಕಚಗುಳಿ ಇಡ್ತಿರೋದು ಅದೇ. ಮೂಲೆಗಳನ್ನ ದುಂಡು ಮಾಡಿ. ಲೋಹದ ಅಂಚಿನ ತನಕ ಮಾತ್ರ ಹೋಗ್ಬೇಡಿ, ಎರಡು ಮೂರು ಮಿಲಿಮೀಟರ್ ಟೇಪು ಸುತ್ತ ಇರ್ಲೇಬೇಕು, ಇಲ್ದಿದ್ರೆ ಸೀಲೂ ಹೋಗತ್ತೆ, ನಾಲಿಗೆಗೆ ಫ್ರೇಮ್ ತಾಗಿ ಹುಣ್ಣಾಗತ್ತೆ. ಅವಸರದಲ್ಲಿ ಒಂದು ಕಡೆ ಜಾಸ್ತಿ ಕತ್ತರಿಸಿ ಸಮ ಮಾಡೋಕೆ ಇನ್ನೊಂದು ಕಡೆ, ಮತ್ತೆ ಈ ಕಡೆ, ಕೊನೆಗೆ ಕೋತಿ ಬೆಣ್ಣೆ ಹಂಚಿದ ಕಥೆ ಆಗಿದ್ದು ನನ್ನ ಎರಡನೇ ಕಾಲ್.

ಹೆಜ್ಜೆ 6: ಈಗ ಊದಿ

ಕೆನ್ನೆ ಉಬ್ಬಿಸಿ ಊದೋದಲ್ಲ ಇದು. ಕನ್ನಡಕ ಒರೆಸೋ ಮುಂಚೆ ಹಾ ಅಂತ ಬಿಸಿ ಗಾಳಿ ಬಿಡ್ತೀವಲ್ಲ, ಹೊಟ್ಟೆಯಿಂದ ಬರೋ ಆ ಗಾಳಿ ಬೇಕು. ನಾಲಿಗೆ ರೀಡಿಗೆ ಮೆತ್ತಗೆ ತಾಗಿಸಿ ಬಿಡಿ, ಮೊದಲು ಬರೀ ಬುಸ್. ನಾಲಿಗೆ ಒತ್ತಡ ನಿಧಾನ ಜಾಸ್ತಿ ಮಾಡ್ತಾ ಹೋದ್ರೆ ಎಲ್ಲೋ ಒಂದು ಕಡೆ ಕೀಂ ಅಂತ ಹಿಡ್ಕೊಳ್ಳತ್ತೆ. ಆ ಜಾಗ ನೆನಪಿಟ್ಕೊಳ್ಳಿ. ಸರಿಯಾಗಿ ಕೂತ ಕಾಲಲ್ಲಿ ಎರಡು ಮೂರು ದಿನದಲ್ಲಿ ಇದು ಸಿಗಬೇಕು, ವಾರ ಆದ್ರೂ ಬರೀ ಬುಸ್ ಅಂದ್ರೆ ಮತ್ತೆ ಹೆಜ್ಜೆ ಐದಕ್ಕೆ ಹೋಗಿ, ಇಲ್ಲಾ ಬೇರೆ ಫ್ರೇಮ್.

ಯೆಲ್ಪ್ ಅನ್ನೋ ಹೆಣ್ಣು ಟರ್ಕಿ ಕೂಗಿಗೆ ಎತ್ತರದ ದನಿಯಲ್ಲಿ ಶುರು ಮಾಡಿ ದವಡೆ ಕೆಳಗೆ ಬಿಡಿ, ಚೀ-ಅಕ್, ಚೀ-ಅಕ್ ಅಂತ. ಎಲ್ಕ್ ಮ್ಯೂ ಇದಕ್ಕಿಂತ ಉದ್ದ, ಈ-ಯಾವ್ ಅಂತ ಜಾರ್ಸೋದು. ದಿನಾ ಹತ್ತು ನಿಮಿಷ ಸಾಕು, ಭಾನುವಾರ ಒಂದೇ ಸಲ ಎರಡು ಗಂಟೆ ಊದಿದ್ರೆ ತುಟಿ ಮರಗಟ್ಟತ್ತೆ ಅಷ್ಟೆ. ಟರ್ಕಿ ಬೇಟೆ ಜೋರಾಗಿರೋದು ಏಪ್ರಿಲ್, ಮೇ, ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಶುರು ಮಾಡಿ. ಎಲ್ಕ್ ಬೆದೆ ಸೆಪ್ಟೆಂಬರ್, ಜೂನಿಂದ ಹಿಡ್ಕೊಂಡ್ರೆ ಗಣಪತಿ ಹಬ್ಬದ ಹೊತ್ತಿಗೆ ರೆಡಿ ಇರ್ತೀರಿ. ಅಪಾರ್ಟ್‌ಮೆಂಟಲ್ಲಿರೋರು ಕಾರಲ್ಲಿ ಪ್ರಾಕ್ಟೀಸ್ ಮಾಡಿ, ನಮ್ಮನೆಯವಳು ಒಂದು ತಿಂಗಳು ಸಹಿಸ್ಕೊಂಡು ಕೊನೆಗೆ ಗರಾಜ್ ಬಾಗಿಲು ತೋರಿಸಿದ್ಲು.

ಕಾಡಲ್ಲಿ ಒಂದು ಎಚ್ಚರ, ಗಂಡು ಟರ್ಕಿಯ ಗಾಬಲ್ ದನಿ ಪಬ್ಲಿಕ್ ಜಾಗದಲ್ಲಿ ಮಾಡ್ಬೇಡಿ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಕೋಳಿ ಅಂದ್ಕೊಂಡು ಬರ್ತಾನೆ. ಕೆಂಪು, ಬಿಳಿ, ನೀಲಿ ಬಣ್ಣ ಮೈಮೇಲೆ ಬೇಡ, ಗಂಡು ಟರ್ಕಿ ತಲೆ ಬಣ್ಣ ಅದೇ. ನಿಮ್ಮ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂತ್ಕೊಳ್ಳಿ.

ಇದು ಬೇಡವೇ ಬೇಡ ಅನ್ನೋರು

ಲೇಟೆಕ್ಸ್ ಅಲರ್ಜಿ ಇದ್ರೆ ಮುಟ್ಬೇಡಿ. ಬಲೂನು, ರಬ್ಬರ್ ಗ್ಲೌಸಿಂದ ಮೈ ಕೆರೆತ ಬರೋರು ಡಾಕ್ಟರ್ ಹತ್ರ ಕೇಳದೆ ಬಾಯಿಗಿಡಬಾರದು, ಊದ್ತಿರೋವಾಗ ತುಟಿ ಊದ್ಕೊಂಡ್ರೆ, ನವೆ ಬಂದ್ರೆ ತಕ್ಷಣ ತೆಗೀರಿ, ಉಸಿರು ಕಟ್ಟಿದ ಹಾಗಾದ್ರೆ 911. ಮೇಲಿನ ಪೂರ್ತಿ ಹಲ್ಲಿನ ಸೆಟ್ ಹಾಕ್ಕೊಳ್ಳೋರಿಗೂ ಕಷ್ಟ, ಸೆಟ್ಟೇ ಅಲ್ಲಾಡತ್ತೆ. ಇವರಿಗೆಲ್ಲ ಟರ್ಕಿಗೆ ಪಾಟ್ ಕಾಲ್, ಬಾಕ್ಸ್ ಕಾಲ್ ಇದ್ದೇ ಇದೆ. ಎಲ್ಕ್‌ಗೆ ಹಲ್ಲು ತುಟಿಯಲ್ಲಿ ಕಚ್ಚಿ ಊದೋ ಓಪನ್ ರೀಡ್ ಕಾಲ್ ಸಿಗತ್ತೆ, ಒತ್ತಿದ್ರೆ ಮ್ಯೂ ಅನ್ನೋ ಪ್ರೈಮೋಸ್ ಹೂಚಿ ಮಾಮಾ ಇದೆ, ಮಕ್ಕಳೂ ಒತ್ಬಹುದು, ಹೆಸರು ಕೇಳಿ ನಗ್ಬೇಡಿ, ಎಲ್ಕ್ ಬಂದಿದ್ದು ನೋಡಿದೀನಿ.

ಇಟ್ಕೊಳ್ಳೋದು ಹೇಗೆ

ಹಳೆ ಕಾಲ್ ಗಟ್ಟಿಯಾಗಿ ಅಂಚು ಚುಚ್ಚೋಕೆ ಶುರುವಾಗತ್ತೆ, ಆಗ ಅಳತೆ ಸರಿ ಇದ್ರೂ ನೋವೇ. ಉಪಯೋಗಿಸಿದ ಮೇಲೆ ತಣ್ಣೀರಲ್ಲಿ ತೊಳೆದು, ನೀರು ಕೊಡವಿ, ಎರಡು ಮೂರು ರೀಡಿನದಾದ್ರೆ ಮಧ್ಯೆ ಚಪ್ಪಟೆ ಟೂತ್‌ಪಿಕ್ ಸಿಗಿಸಿ ಒಣಗಿಸಿ, ಇಲ್ದಿದ್ರೆ ಒಂದಕ್ಕೊಂದು ಅಂಟ್ಕೊಳ್ಳತ್ತೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಬಿಸಿಲು ಲೇಟೆಕ್ಸನ್ನ ತಿಂದು ಹಾಕತ್ತೆ. ಒಬ್ಬರದ್ದು ಇನ್ನೊಬ್ಬರು ಹಾಕ್ಕೋಬಾರದು, ಅಣ್ತಮ್ಮ ಆದ್ರೂ ಸರಿ. ತೂತಿರೋ ಸಣ್ಣ ಡಬ್ಬಿ ಸಿಗತ್ತೆ, ಒಣಗಿದ ಮೇಲೆ ಅದರಲ್ಲಿ ಹಾಕಿ ಫ್ರಿಡ್ಜಲ್ಲಿಡಿ, ಸೀಸನ್ ಶುರುವಾಗೋ ಮುಂಚೆ ತೆಗೆದು ರೀಡ್ ಅಲೆ ಅಲೆಯಾಗಿದ್ಯಾ, ಅಂಟು ಬಂದಿದ್ಯಾ ನೋಡಿ, ಬಂದಿದ್ರೆ ಎಸೆದು ಅದೇ ಸೈಜಿನ ಹೊಸದು ತನ್ನಿ. ನಾನಂತೂ ಡಬ್ಬಿ ಮುಚ್ಚಳದ ಮೇಲೆ ಫ್ರೇಮ್ ಸೈಜು, ಎಡ ಬಲ ಎಷ್ಟು ಕತ್ತರಿಸಿದೆ ಅಂತ ಮಾರ್ಕರಲ್ಲಿ ಬರೆದಿಟ್ಟಿದೀನಿ, ಹೊಸ ಕಾಲ್ ಬಂದ ದಿನ ಹಳೇದನ್ನ ಅದರ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದ್ರೆ ಐದು ನಿಮಿಷದ ಕೆಲಸ.